ನಿರುದ್ಯೋಗ ವಿಮೆ ನಿರಾಕರಿಸಿದರೆ ಅಪೀಲು ಹಾಕುವುದು ಹೇಗೆ? ನೋಟೀಸಿನಿಂದ ಹಿಯರಿಂಗ್‌ವರೆಗೆ

ಶರಾವತಿ ಎಡದಂಡೆ

ನಮ್ಮ ಫೋರಂನಲ್ಲಿ ಲೇಆಫ್ (ಕಂಪನಿ ಕೆಲಸದಿಂದ ಬಿಡಿಸುವುದು) ಕುರಿತ ಹಳೆಯ ಚರ್ಚೆಯ ಎಳೆ ಎಷ್ಟು ಉದ್ದವಾಗಿದೆ ಎಂದರೆ ಅಪೀಲಿನ ಪ್ರಶ್ನೆಗಳೆಲ್ಲ ಅದರೊಳಗೆ ಹೂತುಹೋಗಿವೆ. ಅಪೀಲಿಗಷ್ಟೇ ಈ ಎಳೆ. ನಾನು ಬರೆಯುವುದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕ್ರಮ. ಬೇರೆ ರಾಜ್ಯದವರು ತಂತಮ್ಮದನ್ನು ಸೇರಿಸಿ.

ಇಡಿಡಿಯಿಂದ (ನಿರುದ್ಯೋಗ ವಿಮೆ ಕೊಡುವ ರಾಜ್ಯದ ಇಲಾಖೆ) ‘ನೋಟೀಸ್ ಆಫ್ ಡಿಟರ್ಮಿನೇಶನ್’, ಅಂದರೆ ತೀರ್ಮಾನದ ಪತ್ರ, ಬಂದಾಗ ಎಲ್ಲರ ಕಣ್ಣೂ ಕಾರಣ ಬರೆದಿರುವ ಪ್ಯಾರಾಕ್ಕೆ ಹೋಗುತ್ತದೆ. ಅದನ್ನು ಆಮೇಲೆ ಓದಿ. ಮೊದಲು ಮೇಲಿಂಗ್ ದಿನಾಂಕ ನೋಡಿ, ಆಮೇಲೆ ಕಾಯಿದೆಯ ಯಾವ ಸೆಕ್ಷನ್ ಹಾಕಿದ್ದಾರೆ ಎಂದು ನೋಡಿ. ಅಪೀಲಿಗೆ 30 ದಿನ. ಲಕೋಟೆ ನಿಮ್ಮ ಕೈಸೇರಿದ ದಿನದಿಂದಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ ಲೆಕ್ಕ. ಶನಿವಾರ, ಭಾನುವಾರ, ರಜೆ ಎಲ್ಲ ಸೇರಿಯೇ 30.

ಅಪೀಲು ಕೇಳುವುದು ಇಡಿಡಿ ಅಲ್ಲ. ಅದಕ್ಕೆ ಸಿಯುಐಎಬಿ ಎಂಬ ಬೇರೆಯೇ ಮಂಡಳಿ ಇದೆ, ಮೊದಲು ಕೇಳುವುದು ಅದರ ಜಡ್ಜ್. ಆದರೆ ಅರ್ಜಿ ಕಳಿಸಬೇಕಾದ್ದು ಇಡಿಡಿಗೆ, ನೋಟೀಸಿನ ಮೇಲಿರುವ ವಿಳಾಸಕ್ಕೆ. ಮಂಡಳಿಗೆ ನೇರವಾಗಿ ಕಳಿಸಿ ‘ಇನ್ನೂ ಕೇಸ್ ನಂಬರ್ ಬಂದಿಲ್ಲ’ ಎಂದು ಕಾಯುವವರು ಬಹಳ. ಫಾರಂ ಹೆಸರು ಡಿಇ 1000ಎಂ, ನೋಟೀಸಿನ ಜೊತೆಗೇ ಬಂದಿರುತ್ತದೆ. ಆನ್‌ಲೈನ್ ಖಾತೆಯಿಂದಲೂ ಹಾಕಬಹುದು. ಫಾರಂ ಕಳೆದುಹೋಗಿದ್ದರೆ ಬಿಳಿ ಹಾಳೆಯಲ್ಲಿ ಹೆಸರು, ವಿಳಾಸ, ನೋಟೀಸಿನ ದಿನಾಂಕ, ‘ಈ ತೀರ್ಮಾನ ಒಪ್ಪುವುದಿಲ್ಲ, ಕಾರಣ ಇಂಥದ್ದು’ ಎಂದು ಬರೆದು ಸಹಿ ಹಾಕಿದರೂ ನಡೆಯುತ್ತದೆ. ಅರ್ಜಿ ತಲುಪಿದ ಮೇಲೆ ಇಡಿಡಿ ತನ್ನ ತೀರ್ಮಾನವನ್ನು ಇನ್ನೊಮ್ಮೆ ನೋಡುತ್ತದೆ. ತಪ್ಪು ಎದ್ದು ಕಂಡರೆ ಅಲ್ಲೇ ಬದಲಿಸುತ್ತದೆ, ಇಲ್ಲದಿದ್ದರೆ ಕಡತ ಮಂಡಳಿಗೆ ಹೋಗುತ್ತದೆ.

ಇನ್ನೊಂದು ಮಾತು, ಇದನ್ನು ದಪ್ಪಕ್ಷರದಲ್ಲೇ ಓದಿಕೊಳ್ಳಿ. ಅಪೀಲು ನಡೆಯುತ್ತಿರುವಾಗಲೂ ಎರಡು ವಾರಕ್ಕೊಮ್ಮೆ ಸರ್ಟಿಫೈ ಮಾಡುತ್ತಲೇ ಇರಿ, ಅಂದರೆ ಆ ವಾರಗಳ ಕೆಲಸದ ಸ್ಥಿತಿ ಕೇಳುವ ಪ್ರಶ್ನೆಗಳಿಗೆ ಇಡಿಡಿಗೆ ಉತ್ತರ ಕೊಡುತ್ತಲೇ ಇರಿ. ಹಣ ಬರದಿದ್ದರೂ ಸರಿ. ಗೆದ್ದ ಮೇಲೆ ದುಡ್ಡು ಸಿಗುವುದು ಸರ್ಟಿಫೈ ಮಾಡಿದ ವಾರಗಳಿಗೆ ಮಾತ್ರ.

ಮಂಡಕ್ಕಿ ಮಿರ್ಚಿ

ಕ್ಯಾಲಿಫೋರ್ನಿಯಾದ 30 ದಿನ ನೋಡಿಕೊಂಡು ಬೇರೆ ರಾಜ್ಯದವರು ನಿರಾಳವಾಗಿ ಕೂರಬೇಡಿ. ಟೆಕ್ಸಾಸ್‌ನಲ್ಲಿ 14 ದಿನ. ಜಾರ್ಜಿಯಾದಲ್ಲಿ 15. ಪೆನ್ಸಿಲ್ವೇನಿಯಾದಲ್ಲಿ 21, ಮೊದಲು 15 ಇತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಬರೀ 10. ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಲ್ಲಿ 30. ನೀವು ವಾಸವಿರುವ ರಾಜ್ಯದ ಗಡುವಲ್ಲ, ಕ್ಲೇಮ್ ಹಾಕಿದ ರಾಜ್ಯದ ಗಡುವು ಲೆಕ್ಕಕ್ಕೆ. ಆಸ್ಟಿನ್‌ನಲ್ಲಿ ಕೆಲಸ ಮಾಡಿ, ಕೆಲಸ ಹೋದ ಮೇಲೆ ಸಿಯಾಟಲ್‌ಗೆ ಅಣ್ಣನ ಮನೆಗೆ ಹೋಗಿದ್ದರೂ ಕ್ಲೇಮ್ ಟೆಕ್ಸಾಸ್‌ದಾದರೆ 14 ದಿನವೇ.

ಹೆಸರುಗಳೂ ಬೇರೆ ಬೇರೆ. ನ್ಯೂಯಾರ್ಕ್‌ನಲ್ಲಿ ಮೊದಲ ಹಂತವನ್ನು ಅಪೀಲು ಎನ್ನುವುದೇ ಇಲ್ಲ, ‘ಹಿಯರಿಂಗ್ ಕೋರಿಕೆ’ ಎನ್ನುತ್ತಾರೆ. ಜಡ್ಜ್ ತೀರ್ಪಿನ ಮೇಲೆ ಹೋಗುವುದೇ ಅಲ್ಲಿ ಅಪೀಲು, ಅದಕ್ಕೆ 20 ದಿನ. ವಾಷಿಂಗ್ಟನ್‌ನಲ್ಲಿ ಹಿಯರಿಂಗ್ ನಡೆಸುವುದು ಆಫೀಸ್ ಆಫ್ ಅಡ್ಮಿನಿಸ್ಟ್ರೇಟಿವ್ ಹಿಯರಿಂಗ್ಸ್ ಎಂಬ ಪ್ರತ್ಯೇಕ ಸಂಸ್ಥೆ. ಟೆಕ್ಸಾಸ್‌ನಲ್ಲಿ ಟಿಡಬ್ಲ್ಯೂಸಿಯ (ಅಲ್ಲಿ ನಿರುದ್ಯೋಗ ವಿಮೆ ನೋಡಿಕೊಳ್ಳುವ ಸಂಸ್ಥೆ) ಒಳಗಿನ ಅಪೀಲ್ ಟ್ರಿಬ್ಯೂನಲ್ಲೇ ಕೇಳುತ್ತದೆ, ಅದರ ಮೇಲೆ ಮೂವರು ಕಮಿಷನರ್‌ಗಳು: ಕಾರ್ಮಿಕರ ಕಡೆಯವರೊಬ್ಬರು, ಮಾಲೀಕರ ಕಡೆಯವರೊಬ್ಬರು, ಸಾರ್ವಜನಿಕರ ಪರ ಒಬ್ಬರು.

ಗಡಿಯಾರದ ಮುಳ್ಳು

ರಾಜ್ಯಕ್ಕೊಂದು ರೀತಿ ಇದ್ದರೂ ಬುಡ ಒಂದೇ. 1935ರ ಸೋಷಿಯಲ್ ಸೆಕ್ಯುರಿಟಿ ಕಾಯಿದೆಯ ಪ್ರಕಾರ, ಕ್ಲೇಮ್ ನಿರಾಕರಿಸಿದ ಯಾರಿಗೇ ಆದರೂ ಪಕ್ಷಪಾತವಿಲ್ಲದ ಟ್ರಿಬ್ಯೂನಲ್ ಮುಂದೆ ನ್ಯಾಯವಾದ ವಿಚಾರಣೆಯ ಅವಕಾಶ ಕೊಡಲೇಬೇಕು. ಇಲ್ಲದಿದ್ದರೆ ಆ ರಾಜ್ಯಕ್ಕೆ ಆಡಳಿತ ವೆಚ್ಚದ ಫೆಡರಲ್ ಹಣ ಇಲ್ಲ. ವೇಗಕ್ಕೂ ಅಳತೆ ಇಟ್ಟಿದ್ದಾರೆ: ಮೊದಲ ಹಂತದ ಅಪೀಲುಗಳಲ್ಲಿ ಶೇ. 60ರಷ್ಟು 30 ದಿನದೊಳಗೆ, ಶೇ. 80ರಷ್ಟು 45 ದಿನದೊಳಗೆ ತೀರ್ಮಾನವಾಗಬೇಕು. ಲೇಆಫ್ ಅಲೆ ಬಂದಾಗ ರಾಜ್ಯಗಳು ಈ ಅಳತೆ ಮುಟ್ಟುವುದಿಲ್ಲ. ಅದಕ್ಕೆಂದು ನಿಮ್ಮ ಕೇಸು ತಾನಾಗಿ ಗೆಲ್ಲುವುದೂ ಇಲ್ಲ.

ಕಾಫಿಕಡೆ ಕೊಡಗ

ಫಾರಂನಲ್ಲಿ ಕಾರಣ ಬರೆಯುವ ಜಾಗಕ್ಕೆ ಎಷ್ಟು ಬರೆಯಬೇಕು? ಮೂರು ಪುಟ ಸೇರಿಸಬಹುದೇ?

ಸಾಕ್ಷಿ ಪುಟ 7

ಸೇರಿಸಬಹುದು, ಸೇರಿಸಬೇಡಿ. ಮೂರು ನಾಲ್ಕು ಸಾಲು ಸಾಕು. ‘ನನ್ನನ್ನು ಮಿಸ್‌ಕಂಡಕ್ಟ್‌ಗಾಗಿ (ದುರ್ನಡತೆ) ತೆಗೆಯಲಿಲ್ಲ, ಗುರಿ ಮುಟ್ಟಲಿಲ್ಲವೆಂದು ತೆಗೆದರು, ಹಿಯರಿಂಗ್‌ನಲ್ಲಿ ದಾಖಲೆ ಕೊಡುತ್ತೇನೆ’ ಎಂದಷ್ಟೇ. ಹಿಯರಿಂಗ್‌ನಲ್ಲಿ ಎಲ್ಲವನ್ನೂ ಮೊದಲಿನಿಂದ ಕೇಳುತ್ತಾರೆ. ಸಿಟ್ಟಿನಲ್ಲಿ ಬರೆದ ಮೂರು ಪುಟ ಕಡತ ಸೇರಿ, ಎರಡು ತಿಂಗಳಾದ ಮೇಲೆ ನಿಮ್ಮ ಬಾಯಿಮಾತಿಗೂ ಅದಕ್ಕೂ ಒಂದು ದಿನಾಂಕ ತಾಳೆಯಾಗದಿದ್ದರೆ ಜಡ್ಜ್ ಅದನ್ನೇ ಹಿಡಿದು ಕೇಳುತ್ತಾರೆ.

ಶರಾವತಿ ಎಡದಂಡೆ

ಇಲ್ಲಿ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಇಡಿಡಿ ಮರುಪರಿಶೀಲನೆ ಮಾಡುತ್ತದಲ್ಲ, ಆಗ ಅವರ ಕೈಯಲ್ಲಿ ಗಟ್ಟಿ ಕಾಗದ ಇದ್ದರೆ ಹಿಯರಿಂಗ್‌ವರೆಗೆ ಹೋಗದೆಯೇ ಸರಿಯಾಗಬಹುದು. ಲೇಆಫ್ ಪತ್ರ ಇದ್ದು, ಇಡಿಡಿ ‘ತಾನಾಗಿ ಬಿಟ್ಟರು’ ಎಂದು ಬರೆದಿದ್ದರೆ ಆ ಪತ್ರದ ಪ್ರತಿ ಅರ್ಜಿಗೇ ಲಗತ್ತಿಸಿ. ಮಾತು ಕಡಿಮೆ, ಕಾಗದ ಹೆಚ್ಚು ಎನ್ನೋಣ.

ಸಾಕ್ಷಿ ಪುಟ 7

ಅಂಥ ಕಾಗದವಿದ್ದರೆ ಒಪ್ಪಿದೆ.

ಸೆಕ್ಷನ್ ಸಂಖ್ಯೆಯ ಬಗ್ಗೆ ಬಿಡಿಸಿ ಹೇಳುತ್ತೇನೆ. 1256 ಎಂದಿದ್ದರೆ ಕೆಲಸ ಹೋದ ರೀತಿಯ ಪ್ರಶ್ನೆ: ಸರಿಯಾದ ಕಾರಣವಿಲ್ಲದೆ ಬಿಟ್ಟಿರಾ, ಇಲ್ಲವೇ ಮಿಸ್‌ಕಂಡಕ್ಟ್‌ಗೆ ತೆಗೆದರಾ. 1253(ಸಿ) ಎಂದಿದ್ದರೆ ಕೆಲಸ ಮಾಡಲು ಶಕ್ತರಾಗಿ, ಸಿದ್ಧರಾಗಿ ಇದ್ದಿರಾ ಎಂಬುದು. 1257(ಎ) ಎಂದಿದ್ದರೆ ಬೇಕೆಂದೇ ಸುಳ್ಳು ಹೇಳಿದಿರಿ ಎಂಬ ಆರೋಪ. ಇದು ಬೇರೆ ಜಾತಿಯದು, ಹುಷಾರಾಗಿ. ಸುಳ್ಳು ಸಾಬೀತಾದರೆ ಹೆಚ್ಚು ಕೊಟ್ಟ ಹಣದ ವಾಪಸಾತಿ ಜೊತೆಗೆ ಶೇ. 30 ದಂಡ, ಮೇಲೆ 5ರಿಂದ 23 ವಾರದ ಬೆನಿಫಿಟ್ ಕಡಿತ.

ಎಡವುವುದು ಎಲ್ಲಿ ಎಂದರೆ, ಒಂದೇ ವಾರದಲ್ಲಿ ಎರಡು ಮೂರು ನೋಟೀಸು ಬರುತ್ತವೆ. ಒಂದು 1256ಕ್ಕೆ, ಒಂದು 1257ಕ್ಕೆ, ಇನ್ನೊಂದು ಓವರ್‌ಪೇಮೆಂಟ್, ಅಂದರೆ ಹೆಚ್ಚು ಕೊಟ್ಟಿದ್ದೇವೆ, ಎಂದು. ಜನ ಒಂದಕ್ಕೆ ಅಪೀಲು ಹಾಕಿ ಎಲ್ಲಕ್ಕೂ ಹಾಕಿದೆ ಅಂದುಕೊಳ್ಳುತ್ತಾರೆ. ಪ್ರತಿ ನೋಟೀಸೂ ಪ್ರತ್ಯೇಕ ತೀರ್ಮಾನ. ಒಂದೇ ಪತ್ರದಲ್ಲಿ ಬರೆಯುವುದಾದರೂ ಮೂರರ ದಿನಾಂಕ, ಮೂರರ ಸೆಕ್ಷನ್ ಬರೆದು ‘ಈ ಮೂರಕ್ಕೂ ಅಪೀಲು’ ಎಂದು ಸ್ಪಷ್ಟವಾಗಿ ಹೇಳಿ.

ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್

ಪಿಐಪಿ (ಕೆಲಸ ಸುಧಾರಿಸ್ಕೊಳ್ರಿ ಅಂತ ಗಡುವು ಕೊಡೋದು) ಹಾಕಿ ತೆಗೆದದ್ದು ಮಿಸ್‌ಕಂಡಕ್ಟ್ ಆಗ್ತದೇನ್ರಿ? ಕಂಪನಿಯವರು ಇಡಿಡಿಗೆ ‘ಟರ್ಮಿನೇಟೆಡ್ ಫಾರ್ ಕಾಸ್’ ಅಂತ ಬರದು ಕಳಸ್ತಾರ.

ಸಾಕ್ಷಿ ಪುಟ 7

ಬರೀ ಕೆಲಸ ಸಾಲದು ಎಂಬುದು ಮಿಸ್‌ಕಂಡಕ್ಟ್ ಅಲ್ಲ ರೀ. ಈ ವ್ಯಾಖ್ಯೆಯ ಮೂಲ 1941ರ ವಿಸ್ಕಾನ್ಸಿನ್ ತೀರ್ಪು, ಬಾಯ್ನ್‌ಟನ್ ಕ್ಯಾಬ್ ಕಂಪನಿ ಕೇಸು. ದೇಶದ ಮೊದಲ ನಿರುದ್ಯೋಗ ವಿಮೆ ಕಾಯಿದೆ ಬಂದದ್ದೂ ಅದೇ ರಾಜ್ಯದಲ್ಲಿ, 1932ರಲ್ಲಿ. ಮಾಲೀಕರ ಹಿತವನ್ನು ಬೇಕೆಂದೇ ಕಡೆಗಣಿಸಿದರೆ ಮಿಸ್‌ಕಂಡಕ್ಟ್. ಸಾಮರ್ಥ್ಯ ಸಾಲದ್ದು, ಎಲ್ಲೋ ಒಮ್ಮೆ ಆದ ಸಾಮಾನ್ಯ ಅಜಾಗರೂಕತೆ, ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು ನಿರ್ಧಾರ, ಇವು ಅಲ್ಲ ಎಂದಿತು ಆ ತೀರ್ಪು. ಕ್ಯಾಲಿಫೋರ್ನಿಯಾ ಕೋರ್ಟುಗಳು 1959ರ ಮೇವುಡ್ ಗ್ಲಾಸ್ ಕೇಸಿನಲ್ಲಿ ಇದೇ ದಾರಿ ಹಿಡಿದವು.

‘ಫಾರ್ ಕಾಸ್’ ಎಂಬುದು ಕಂಪನಿಯ ಪದ, ಕಾನೂನಿನ ಪದವಲ್ಲ. ಜಡ್ಜ್ ನೋಡುವುದು ಕೊನೆಯ ಘಟನೆಯನ್ನು. ಏನು ಮಾಡಿದರು, ಮಾಡಬಾರದೆಂದು ಗೊತ್ತಿತ್ತೇ, ಎಚ್ಚರಿಕೆ ಕೊಟ್ಟಿದ್ದರೇ, ಎಚ್ಚರಿಕೆಯ ಮೇಲೂ ಬೇಕೆಂದೇ ಮಾಡಿದರೇ. ಹಾಗಾಗಿ ಪಿಐಪಿಯ ಕಾಗದಗಳು ನಿಮಗೇ ಅನುಕೂಲ. ವಾರವಾರವೂ ಪ್ರಯತ್ನಪಟ್ಟ ದಾಖಲೆ ಅದರಲ್ಲೇ ಇರುತ್ತದೆ. ಆದರೆ ಗಂಟೆಗಟ್ಟಲೆ ಲಾಗಿನ್ ಆಗದೆ ಇರುವುದು, ಟೈಮ್‌ಶೀಟ್‌ನಲ್ಲಿ ಸುಳ್ಳು ಬರೆಯುವುದು, ಹೇಳಿದ ಮೇಲೂ ಮೀಟಿಂಗ್‌ಗೆ ಬಾರದಿರುವುದು ಪಿಐಪಿಯಲ್ಲಿ ಸೇರಿದ್ದರೆ ಲೆಕ್ಕ ಬೇರೆ.

ಯಾರು ಸಾಬೀತು ಮಾಡಬೇಕು ಎಂಬುದೂ ಮುಖ್ಯ. ಮಿಸ್‌ಕಂಡಕ್ಟ್ ಎಂದರೆ ಭಾರ ಮಾಲೀಕರ ಮೇಲೆ. ತಾನಾಗಿ ಬಿಟ್ಟಿದ್ದರೆ ಸರಿಯಾದ ಕಾರಣವಿತ್ತೆಂದು ತೋರಿಸುವ ಭಾರ ಬಿಟ್ಟವರ ಮೇಲೆ. ‘ರಾಜೀನಾಮೆ ಕೊಡಿ, ಇಲ್ಲದಿದ್ದರೆ ತೆಗೆಯುತ್ತೇವೆ’ ಎಂದು ಹೇಳಿ ಬರೆಸಿಕೊಂಡ ರಾಜೀನಾಮೆಯನ್ನು ತೆಗೆದುಹಾಕಿದಂತೆಯೇ ನೋಡುತ್ತಾರೆ. ಹಾಗೆ ಹೇಳಿದ್ದಕ್ಕೆ ಈಮೇಲೋ ಸಾಕ್ಷಿಯೋ ಇರಬೇಕು, ಅಷ್ಟೆ.

ಕಾಫಿಕಡೆ ಕೊಡಗ

ಹಿಯರಿಂಗ್ ಎಂದರೆ ಕೋರ್ಟಿನ ಹಾಗಾ? ಎಷ್ಟು ಹೊತ್ತು?

ತೆಂಗಿನ ಗರಿ

ಹೆಚ್ಚಿನವು ಫೋನಿನಲ್ಲೇ. ಅರ್ಧ ಗಂಟೆಯಿಂದ ಒಂದು ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 10 ದಿನ ಮೊದಲು ಹಿಯರಿಂಗ್ ನೋಟೀಸು ಬರುತ್ತದೆ. ಅದರಲ್ಲಿ ದಿನ, ಹೊತ್ತು, ಜಡ್ಜ್ ಹೆಸರು, ಜೊತೆಗೆ ‘ಇಶ್ಯೂಸ್’ ಎಂಬ ಸಾಲು. ಆ ಸಾಲಿನಲ್ಲಿಲ್ಲದ ವಿಷಯ ಅವತ್ತು ಚರ್ಚೆಗೆ ಬರುವುದಿಲ್ಲ. ನೀವು ಎರಡಕ್ಕೆ ಅಪೀಲು ಹಾಕಿ ಅಲ್ಲಿ ಒಂದೇ ಇದ್ದರೆ ಕೂಡಲೇ ಫೋನ್ ಮಾಡಿ.

ನೋಟೀಸನ್ನು ಪೂರ್ತಿ ಓದಿ. ಕೆಲವು ರಾಜ್ಯಗಳಲ್ಲಿ ಅವರೇ ನಿಮ್ಮ ನಂಬರಿಗೆ ಕರೆ ಮಾಡುತ್ತಾರೆ, ಕೆಲವೆಡೆ ನೀವೇ ಕರೆ ಮಾಡಿ ಸೇರಬೇಕು. ಅವರೇ ಮಾಡುವ ಕಡೆ ಕರೆ ಬ್ಲಾಕ್ಡ್ ನಂಬರಿನಿಂದ ಬರಬಹುದು. ಸ್ಪ್ಯಾಮ್ ತಡೆಯುವ ಆಪ್ ಅದನ್ನು ನುಂಗಿಹಾಕುತ್ತದೆ. ಅವತ್ತು ಆ ಆಪ್ ಆರಿಸಿಡಿ.

ಕಾಗದಪತ್ರಗಳನ್ನು ಮೊದಲೇ ಕಳಿಸಿರಬೇಕು, ಜಡ್ಜ್‌ಗೂ ಎದುರು ಪಕ್ಷಕ್ಕೂ. ಫೋನ್ ಹಿಯರಿಂಗ್‌ನಲ್ಲಿ ‘ಇಲ್ಲಿ ನೋಡಿ ಸರ್’ ಎಂದು ಹಾಳೆ ಎತ್ತಿ ಹಿಡಿದರೆ ಯಾರಿಗೆ ಕಾಣುತ್ತದೆ? ಪುಟಕ್ಕೆ ಸಂಖ್ಯೆ ಹಾಕಿ, ‘ನಾಲ್ಕನೇ ಪುಟದ ಈಮೇಲ್’ ಎಂದು ಹೇಳಲು ಬರಬೇಕು. ಚಾಟ್‌ನ ಸ್ಕ್ರೀನ್‌ಶಾಟ್ ಆದರೆ ದಿನಾಂಕ, ಯಾರು ಕಳಿಸಿದ್ದು ಎರಡೂ ಕಾಣುವಂತಿರಲಿ. ನಿಮ್ಮ ಕ್ಲೇಮ್ ಕಡತವನ್ನು ಹಿಯರಿಂಗ್‌ಗೆ ಮೊದಲೇ ಕೇಳಿ ನೋಡುವ ಹಕ್ಕು ಇದೆ. ಕಂಪನಿ ಏನು ಬರೆದುಕೊಟ್ಟಿದೆ ಎಂಬುದು ಅದರಲ್ಲಿರುತ್ತದೆ. ಇಡಿಡಿಯವರು ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡಿದ್ದರ ಟಿಪ್ಪಣಿಯೂ ಇರುತ್ತದೆ. ಆ ಟಿಪ್ಪಣಿ ಅವರ ಮಾತಿನಲ್ಲಿದೆ, ನಿಮ್ಮ ಮಾತಿನಲ್ಲಲ್ಲ. ತಪ್ಪಿದ್ದರೆ ಹಿಯರಿಂಗ್‌ನಲ್ಲೇ ಹೇಳಬೇಕು.

ಶುರುವಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಎಲ್ಲರಿಂದ ಪ್ರಮಾಣ ತೆಗೆದುಕೊಳ್ಳುತ್ತಾರೆ. ಪ್ರಶ್ನೆ ಕೇಳುವುದು ಹೆಚ್ಚಾಗಿ ಜಡ್ಜೇ. ಆಮೇಲೆ ಎದುರಿನವರಿಗೆ ನೀವು ಪ್ರಶ್ನೆ ಹಾಕಬಹುದು. ದೊಡ್ಡ ಕಂಪನಿಗಳು ಇದಕ್ಕೆಂದೇ ಇರುವ ಏಜೆನ್ಸಿಯ ಪ್ರತಿನಿಧಿಯನ್ನೂ ಎಚ್‌ಆರ್‌ನವರೊಬ್ಬರನ್ನೂ ಕರೆತರುತ್ತವೆ. ಆಗ ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

ಜಡ್ಜ್: ಆ ದಿನ ಇವರು ಕೂಗಾಡಿದ್ದನ್ನು ನೀವು ಕೇಳಿದಿರಾ?
ಎಚ್‌ಆರ್: ಇಲ್ಲ, ಮ್ಯಾನೇಜರ್ ಬರೆದುಕೊಟ್ಟಿದ್ದಾರೆ.
ಜಡ್ಜ್: ಮ್ಯಾನೇಜರ್ ಕರೆಯಲ್ಲಿ ಇದ್ದಾರಾ?
ಎಚ್‌ಆರ್: ಇಲ್ಲ, ಬೇರೆ ಮೀಟಿಂಗ್‌ನಲ್ಲಿದ್ದಾರೆ.

ಕೇಸು ಅರ್ಧ ತಿರುಗುವುದು ಇಲ್ಲೇ. ಕೇಳಿದ ಮಾತನ್ನೂ ಜಡ್ಜ್ ದಾಖಲೆಗೆ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಎದುರು ಕೂತು ಪ್ರಮಾಣ ಮಾಡಿ ಹೇಳುವವರ ಮಾತಿಗೆ ತೂಕ ಹೆಚ್ಚು. ಇದು ಎರಡೂ ಕಡೆಗೆ ಅನ್ವಯ. ‘ನನ್ನ ಸಹೋದ್ಯೋಗಿ ನೋಡಿದ್ದಾನೆ’ ಎಂದರೆ ಸಾಲದು, ಸಹೋದ್ಯೋಗಿ ಕರೆಯಲ್ಲಿರಬೇಕು. ಬರಲೊಪ್ಪದಿದ್ದರೆ ಸಮನ್ಸ್ ಕೊಡಿಸಲು ಮೊದಲೇ ಕೇಳಬಹುದು. ಒಲ್ಲದ ಮನಸ್ಸಿನಿಂದ ಬಂದ ಸಾಕ್ಷಿ ಏನು ಹೇಳುತ್ತಾನೋ, ಅದು ನಿಮ್ಮ ಲೆಕ್ಕಾಚಾರ.

ಮಂಡಕ್ಕಿ ಮಿರ್ಚಿ

ದುಭಾಷಿ ವಿಷಯ ಯಾರೂ ಹೇಳಲಿಲ್ಲ. ಗ್ರೀನ್ ಕಾರ್ಡ್ ಮೇಲೆ ಬಂದು ಹೋಟೆಲ್ ಅಡುಗೆಮನೆಯಲ್ಲಿ, ಡೇಕೇರ್‌ನಲ್ಲಿ, ಅಂಗಡಿಯಲ್ಲಿ ದುಡಿಯುವ ಹಿರಿಯರಿಗೆ ಇದು ಬೇಕೇ ಬೇಕು. ಹಿಯರಿಂಗ್ ಕಚೇರಿ ದುಭಾಷಿಯನ್ನು ಪುಕ್ಕಟೆಯಾಗಿ ಕೊಡುತ್ತದೆ. ಅಪೀಲು ಫಾರಂನಲ್ಲಿ ಭಾಷೆ ಎಂಬ ಕಡೆ ‘ಕನ್ನಡ’ ಎಂದು ಸ್ಪೆಲಿಂಗ್ ಸರಿಯಾಗಿ ಬರೆಯಿರಿ. ‘ಇಂಡಿಯನ್’ ಎಂದು ಬರೆದರೆ ಹಿಂದಿಯವರನ್ನು ಕರೆಸುತ್ತಾರೆ. ‘ಕೆನಡಾ’ ಎಂದು ಓದಿಕೊಂಡು ಇಂಗ್ಲಿಷ್ ಸಾಕೆಂದು ಗುರುತು ಹಾಕುವ ಗುಮಾಸ್ತರೂ ಇಲ್ಲದಿಲ್ಲ. ಮಗನೋ ಮಗಳೋ ಪಕ್ಕದಲ್ಲಿ ಕೂತು ಭಾಷಾಂತರಿಸುತ್ತೇನೆಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಿದರೂ ಅದು ಒಳ್ಳೆಯದಲ್ಲ.

ತೆಂಗಿನ ಗರಿ

ಇದಕ್ಕೆ ಒಂದು ಸೇರಿಸಲೇಬೇಕು. ಮಾಲೀಕರೂ ಕನ್ನಡದವರೇ ಆಗಿದ್ದಾಗ ಸಾಕ್ಷ್ಯವೆಲ್ಲ ವಾಟ್ಸಾಪಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ ಇರುತ್ತದೆ. ಕೆಲಸ ಬಿಟ್ಟರೋ ಬಿಡಿಸಿದರೋ ಎಂಬ ಪ್ರಶ್ನೆ ಒಂದು ಪದದ ಮೇಲೆ ನಿಲ್ಲುತ್ತದೆ. ಮಾಲೀಕ: ‘ಈ ವಾರ ಶಿಫ್ಟ್ ಇಲ್ಲ, ಮುಂದೆ ನೋಡೋಣ.’ ಕೆಲಸದವರು: ‘ಆಯ್ತು ಬಿಡಿ.’ ಕನ್ನಡ ಬಲ್ಲವರಿಗೆ ಇದು ಬೇಸರದಿಂದ ಸುಮ್ಮನಾದ ಮಾತು. ಪದಕ್ಕೆ ಪದ ಇಟ್ಟು ‘ಓಕೆ, ಲೀವ್’ ಎಂದು ಅನುವಾದಿಸಿದರೆ ಜಡ್ಜ್‌ಗೆ ಕೇಳಿಸುವುದು ‘ಸರಿ, ನಾನು ಬಿಡುತ್ತೇನೆ’ ಎಂದು. ಇನ್ನು ‘ನಾಳೆಯಿಂದ ಬರಬೇಡ’ ಎಂಬುದು ಸಿಟ್ಟಿನ ಮಾತೋ ಕೆಲಸದಿಂದ ತೆಗೆದದ್ದೋ ಎಂಬುದಕ್ಕೆ ಮರುದಿನ ಏನಾಯಿತು ಎಂದು ತೋರಿಸಬೇಕು. ಹೋದರೆ ವಾಪಸು ಕಳಿಸಿದರೇ, ಶಿಫ್ಟ್ ಪಟ್ಟಿಯಿಂದ ಹೆಸರು ತೆಗೆದರೇ.

ಆದ್ದರಿಂದ ಮೂಲ ಸಂದೇಶ, ಅದರ ಕೆಳಗೆ ಇಂಗ್ಲಿಷ್ ಅನುವಾದ, ಎರಡನ್ನೂ ಜೋಡಿಸಿ ಮೊದಲೇ ಕಳಿಸಿ. ಹಿಯರಿಂಗ್‌ನಲ್ಲಿ ದುಭಾಷಿಯ ಮಾತು ತಪ್ಪಿತು ಎನಿಸಿದರೆ ತಕ್ಷಣ ಹೇಳಿ. ಮುಗಿದ ಮೇಲೆ ಹೇಳಿದರೆ ರೆಕಾರ್ಡಿನಲ್ಲಿ ಉಳಿದದ್ದೇ ಉಳಿಯಿತು.

ಕಾಫಿಕಡೆ ಕೊಡಗ

ಎಚ್-1ಬಿ (ಕಂಪನಿ ಮೂಲಕ ಸಿಗುವ ಕೆಲಸದ ವೀಸಾ) ಇದ್ದವರು ಅಪೀಲು ಹಾಕಿ ಪ್ರಯೋಜನ ಇದೆಯಾ?

ಗಡಿಯಾರದ ಮುಳ್ಳು

ಸಾಮಾನ್ಯವಾಗಿ ನಿರಾಕರಣೆಯೇ. ಕಾರಣ ಹಣ ಕಟ್ಟಿಲ್ಲ ಎಂಬುದಲ್ಲ, ‘ಕೆಲಸಕ್ಕೆ ಲಭ್ಯ’ ಎಂಬ ಷರತ್ತು. ಎಚ್-1ಬಿ ಕೆಲಸದ ಅನುಮತಿ ಆ ಕಂಪನಿಗೆ ಕಟ್ಟಿದ್ದು. ಕೆಲಸ ಹೋದ ಮೇಲೆ 60 ದಿನದವರೆಗೆ ಇರಬಹುದು, 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮ ಅದು. ಆದರೆ ಇರುವುದಕ್ಕೆ ಅನುಮತಿ, ದುಡಿಯುವುದಕ್ಕಲ್ಲ. ಹೊಸ ಕಂಪನಿ ಪಿಟಿಷನ್ ಹಾಕಿದ ದಿನವೇ ಕೆಲಸ ಶುರು ಮಾಡಬಹುದಲ್ಲ, ಹಾಗಾಗಿ ಲಭ್ಯನೇ ಎಂಬ ವಾದ ಮಂಡಿಸುವವರಿದ್ದಾರೆ. ಮಂಡಿಸಿ, ಅದಕ್ಕೇನು. ಆ ದುಡ್ಡನ್ನು ನಂಬಿ ಬಾಡಿಗೆಯ ಲೆಕ್ಕ ಹಾಕಬೇಡಿ.

ಗ್ರೀನ್ ಕಾರ್ಡ್ ಕಾದಿರುವವರ ಇಎಡಿ (ಕೆಲಸದ ಪರವಾನಗಿ ಕಾರ್ಡ್), ಎಚ್-4 (ಎಚ್-1ಬಿಯವರ ಗಂಡ ಅಥವಾ ಹೆಂಡತಿಯ ವೀಸಾ) ಇಎಡಿ ಇದ್ದವರ ಸ್ಥಿತಿ ಬೇರೆ. ಯಾರ ಬಳಿ ಬೇಕಾದರೂ ದುಡಿಯುವ ಅನುಮತಿ ಇದೆ, ಹಾಗಾಗಿ ಲಭ್ಯ. ಎಚ್-4 ಇಎಡಿ 2015ರ ಮೇ ತಿಂಗಳಿಂದ ಬಂದದ್ದು. ಆದರೆ ಅದು ಗಂಡನದೋ ಹೆಂಡತಿಯದೋ ಎಚ್-1ಬಿ ಮೇಲೆ ನಿಂತಿದೆ. ಇಬ್ಬರ ಕೆಲಸವೂ ಒಟ್ಟಿಗೆ ಹೋದರೆ ಕಾರ್ಡಿನ ಮೇಲೆ ದಿನಾಂಕ ಉಳಿದಿದೆ ಎಂದು ಸುಮ್ಮನಿರಬೇಡಿ. ಒಪಿಟಿಯವರಿಗೆ (ವಿದ್ಯಾರ್ಥಿ ವೀಸಾದ ಮೇಲೆಯೇ ತರಬೇತಿ ಕೆಲಸ ಮಾಡುವವರು) ಇನ್ನೊಂದು ತೊಡಕು: ಎಫ್-1 ಎಂಬ ಆ ವೀಸಾದಲ್ಲಿ ದುಡಿದ ಸಂಬಳ ಫೆಡರಲ್ ನಿರುದ್ಯೋಗ ತೆರಿಗೆಯಿಂದ ಹೊರಗಿರುವುದುಂಟು, ಆಗ ಲೆಕ್ಕಕ್ಕೆ ಸಿಗುವ ಸಂಬಳವೇ ಇರುವುದಿಲ್ಲ.

ಕೇಳುವವರಿಗೆಲ್ಲ ಇನ್ನೊಂದು ಭಯ: ಇದು ‘ಪಬ್ಲಿಕ್ ಚಾರ್ಜ್’ (ಸರ್ಕಾರದ ನೆರವನ್ನೇ ನೆಚ್ಚಿದವರು ಎಂಬ ಲೆಕ್ಕ) ಆಗಿ ಗ್ರೀನ್ ಕಾರ್ಡ್‌ಗೆ ತೊಂದರೆಯೇ? ಇಲ್ಲ. ನಿರುದ್ಯೋಗ ವಿಮೆ ದುಡಿದು ಗಳಿಸಿದ ಹಕ್ಕು. ಅದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶರಾವತಿ ಎಡದಂಡೆ

ನಮ್ಮವರ ಹೆಸರಿನ ಗೋಜಲನ್ನೂ ಹೇಳಬೇಕು. ರಾಜ್ಯದ ಕಚೇರಿ ನಿಮ್ಮ ವಲಸೆ ಸ್ಥಿತಿಯನ್ನು ಫೆಡರಲ್ ವಲಸೆ ಕಚೇರಿ ಯುಎಸ್‌ಸಿಐಎಸ್‌ನ ‘ಸೇವ್’ ಎಂಬ ವ್ಯವಸ್ಥೆಯಲ್ಲಿ ತಾಳೆ ನೋಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದಿರುತ್ತದೆ. ಊರಿನ ಹೆಸರೋ ಅಪ್ಪನ ಹೆಸರೋ ಇನಿಷಿಯಲ್ ಆಗಿ ಒಂದು ಕಾರ್ಡಿನಲ್ಲಿ ಮುಂದೆ, ಇನ್ನೊಂದರಲ್ಲಿ ಬಿಡಿಸಿ ಹಿಂದೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನ್ನೊಂದು ತರ. ತಾಳೆಯಾಗದಿದ್ದರೆ ‘ಗುರುತು ಖಾತ್ರಿಯಾಗಿಲ್ಲ’ ಎಂದು ನಿರಾಕರಣೆ. ಇಂಥ ಅಪೀಲಿಗೆ ವಾದವೇ ಬೇಡ. ಪಾಸ್‌ಪೋರ್ಟ್, ಇಎಡಿ ಅಥವಾ ಗ್ರೀನ್ ಕಾರ್ಡಿನ ಎರಡೂ ಬದಿ, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಡಬ್ಲ್ಯೂ-2 (ವರ್ಷದ ಸಂಬಳದ ಪತ್ರ), ಇವುಗಳ ಪ್ರತಿ ಜೋಡಿಸಿ ‘ಈ ನಾಲ್ಕೂ ಹೆಸರು ಒಬ್ಬರದೇ’ ಎಂದು ಒಂದು ಸಾಲು. 2025ರ ಅಕ್ಟೋಬರ್ 30ಕ್ಕೆ ಮೊದಲು ಹಾಕಿದ ನವೀಕರಣದ ರಸೀದಿಯಿಂದ ಇಎಡಿ ತಾನಾಗಿ ಮುಂದುವರಿದಿದ್ದರೆ ಆ ರಸೀದಿಯೂ ಬೇಕು. ಕಾರ್ಡಿನ ಮೇಲಿನ ಹಳೆಯ ದಿನಾಂಕ ನೋಡಿ ತಳ್ಳಿಹಾಕುವುದು ಮಾಮೂಲು.

ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್

ಊರಿಗೆ ಹೋಗಿ ಬಂದವರ ಕಥಿ? ಕೆಲಸ ಹೋತು ಅಂತ ಮದುವಿಗೆ ಮೂರು ವಾರ ಹೋಗಿ, ಅಲ್ಲಿಂದ ಸರ್ಟಿಫೈ ಮಾಡಿರ್ತಾರ.

ಸಾಕ್ಷಿ ಪುಟ 7

ಅದು ಅತಿ ಅಪಾಯದ್ದು. ಸರ್ಟಿಫೈ ಮಾಡುವಾಗ ‘ಕಾಯಿಲೆ ಬಿಟ್ಟು ಬೇರೆ ಯಾವುದೇ ಕಾರಣದಿಂದ ಪ್ರತಿದಿನ ಪೂರ್ಣಾವಧಿ ಕೆಲಸ ಒಪ್ಪಲಾಗದ ಸ್ಥಿತಿ ಇತ್ತೇ’ ಎಂಬ ಪ್ರಶ್ನೆ ಇದೆ. ಬೆಂಗಳೂರಿನಲ್ಲಿ ಕೂತು ‘ಇಲ್ಲ’ ಎಂದು ಒತ್ತಿದರೆ ಆ ವಾರಗಳ ಬೆನಿಫಿಟ್ ಹೋಗುತ್ತದೆ, ಜೊತೆಗೆ ಸುಳ್ಳು ಹೇಳಿಕೆಯ 1257(ಎ) ಬೀಳುತ್ತದೆ. ಈ ಎರಡನ್ನು ಅಪೀಲಿನಲ್ಲಿ ಬೇರೆ ಬೇರೆಯಾಗಿ ಹೋರಾಡಬೇಕು. ಮೊದಲನೆಯದನ್ನು ಗೆಲ್ಲುವುದು ಕಷ್ಟ. ಹೊರದೇಶದಲ್ಲಿದ್ದದ್ದು ನಿಜವೇ ತಾನೇ. ಎರಡನೆಯದರಲ್ಲಿ ‘ಬೇಕೆಂದೇ’ ಎಂಬ ಪದ ಇದೆ. ಪ್ರಶ್ನೆ ತಪ್ಪಾಗಿ ಅರ್ಥವಾಗಿತ್ತು, ರಜೆ ಎಂಬ ಪದವೇ ಅಲ್ಲಿರಲಿಲ್ಲ, ಬಂದ ಕೂಡಲೇ ತಾವೇ ತಿಳಿಸಿದರು ಎಂಬುದಕ್ಕೆ ಆಧಾರವಿದ್ದರೆ ದಂಡ ಮತ್ತು ವಾರಗಳ ಕಡಿತ ತಪ್ಪಬಹುದು. ಹಣ ಮಾತ್ರ ಕಟ್ಟಬೇಕಾಗುತ್ತದೆ. ಪ್ರಮಾಣ ಮಾಡಿದ ಮೇಲೆ ‘ಅಮೆರಿಕದಲ್ಲೇ ಇದ್ದೆ’ ಎಂದು ಕಥೆ ಕಟ್ಟಿದರೆ ಪಾಸ್‌ಪೋರ್ಟಿನ ಮುದ್ರೆಯೇ ಎದುರು ನಿಲ್ಲುತ್ತದೆ.

ಅರೆಕಾಲಿಕ ಕೆಲಸದ ಗಳಿಕೆ ತೋರಿಸುವುದರಲ್ಲೂ ಇದೇ ತಪ್ಪು. ದುಡಿದ ವಾರಕ್ಕೆ, ತೆರಿಗೆ ಕಡಿಯುವ ಮೊದಲಿನ ಮೊತ್ತವನ್ನು ಬರೆಯಬೇಕು. ಸಂಬಳ ಕೈಗೆ ಬಂದ ವಾರಕ್ಕಲ್ಲ.

ಕಾಫಿಕಡೆ ಕೊಡಗ

ಇಡಿಡಿ ಕೊಡುತ್ತಿದೆ, ಆದರೆ ಕಂಪನಿಯೇ ಅಪೀಲು ಹಾಕಿದರೆ? ನಿಲ್ಲಿಸುತ್ತಾರಾ?

ಗಡಿಯಾರದ ಮುಳ್ಳು

ಇಲ್ಲ. ಇದೂ ಕ್ಯಾಲಿಫೋರ್ನಿಯಾದಿಂದಲೇ ಹೋದ ಕೇಸು, ಜಾವಾ ಕೇಸು ಎನ್ನುತ್ತಾರೆ. ಅರ್ಹತೆ ತೀರ್ಮಾನವಾದ ಮೇಲೆ ಮಾಲೀಕ ಅಪೀಲು ಹಾಕಿದನೆಂದು ಹಣ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿತು. ಆದರೆ ಕಂಪನಿ ಗೆದ್ದರೆ ಅಷ್ಟೂ ಓವರ್‌ಪೇಮೆಂಟ್. ‘ಅವರ ಅಪೀಲು, ನನಗೇನು’ ಎಂದು ಹಿಯರಿಂಗ್ ಬಿಡುವವರು ಸೋಲುವುದು ಹೀಗೆ: ಎದುರು ಹೇಳುವವರೇ ಇಲ್ಲದಾಗ ಕಂಪನಿಯ ಮಾತೊಂದೇ ದಾಖಲೆಯಲ್ಲಿ ಉಳಿಯುತ್ತದೆ.

ತಪ್ಪು ನಿಮ್ಮದಲ್ಲದಿದ್ದರೆ, ವಂಚನೆ ಇಲ್ಲದಿದ್ದರೆ, ವಾಪಸು ಕಟ್ಟಿಸುವುದು ಅನ್ಯಾಯವಾಗುವಷ್ಟು ಕಷ್ಟವಿದ್ದರೆ ಮನ್ನಾ ಕೇಳಬಹುದು. ಮನೆಯ ಆದಾಯ, ಖರ್ಚಿನ ವಿವರ ಕೇಳುತ್ತಾರೆ. ಮನ್ನಾ ನಿರಾಕರಿಸಿದರೆ ಅದಕ್ಕೂ ಅಪೀಲು ಇದೆ.

ಮಂಡಕ್ಕಿ ಮಿರ್ಚಿ

ಹಿಯರಿಂಗ್ ತಪ್ಪಿಹೋದರೆ? ಟೆಕ್ಸಾಸ್‌ನಲ್ಲಿ ತೀರ್ಪು ಅಂಚೆಗೆ ಹೋದ 14 ದಿನದೊಳಗೆ ಮತ್ತೆ ತೆರೆಯಲು ಕೇಳಬೇಕು, ಬಾರದಿರಲು ಸರಿಯಾದ ಕಾರಣ ತೋರಿಸಿ. ಬೇರೆ ರಾಜ್ಯದವರು ತೀರ್ಪಿನ ಜೊತೆ ಬಂದ ಹಾಳೆ ಓದಿ, ಗಡುವು ಅದರಲ್ಲೇ ಇರುತ್ತದೆ. ಮೊದಲೇ ಗೊತ್ತಿದ್ದರೆ ಮುಂದೂಡಲು ಕೇಳುವುದು ಇದಕ್ಕಿಂತ ನೂರು ಪಾಲು ಸುಲಭ.

ಮೊದಲ ಅಪೀಲೇ ತಡವಾದರೂ ಹಾಕಿ. ಕ್ಯಾಲಿಫೋರ್ನಿಯಾದ ಕಾಯಿದೆಯಲ್ಲೇ ಸರಿಯಾದ ಕಾರಣವಿದ್ದರೆ 30 ದಿನ ವಿಸ್ತರಿಸಬಹುದೆಂದಿದೆ. ತಪ್ಪು ತಿಳಿವಳಿಕೆ, ಅಚಾತುರ್ಯ, ಕ್ಷಮಿಸಬಹುದಾದ ಅಲಕ್ಷ್ಯ ಕೂಡ ಅದರಲ್ಲಿ ಸೇರಿವೆ. ನೋಟೀಸು ಹಳೆಯ ಮನೆಗೆ ಹೋಗಿತ್ತು ಎಂದರೆ ಮನೆ ಬದಲಿಸಿದ್ದನ್ನು ಯಾವಾಗ ತಿಳಿಸಿದಿರಿ ಎಂದು ಕೇಳುತ್ತಾರೆ. ಇಡಿಡಿಗೂ ಅಂಚೆ ಕಚೇರಿಗೂ ಎರಡಕ್ಕೂ ತಿಳಿಸಿರಬೇಕು.

ತೆಂಗಿನ ಗರಿ

ಜಡ್ಜ್ ಎದುರೂ ಸೋತರೆ ಮುಂದಿನದು ಅದೇ ಮಂಡಳಿಯ ಮೇಲಿನ ಹಂತ. ಕ್ಯಾಲಿಫೋರ್ನಿಯಾದಲ್ಲಿ ತೀರ್ಪಿನ ಅಂಚೆ ದಿನಾಂಕದಿಂದ 30 ದಿನ. ಅಲ್ಲಿ ಮತ್ತೆ ಹಿಯರಿಂಗ್ ಇರುವುದಿಲ್ಲ. ರೆಕಾರ್ಡಿಂಗ್ ಮತ್ತು ಕಾಗದ ನೋಡಿ ತೀರ್ಮಾನಿಸುತ್ತಾರೆ. ಹೊಸ ಸಾಕ್ಷ್ಯ ಕೊಡಬೇಕೆಂದರೆ ಮೊದಲೇ ಏಕೆ ಕೊಡಲಿಲ್ಲ ಎಂಬುದಕ್ಕೆ ಉತ್ತರ ಬೇಕು. ‘ನನಗೆ ಅನ್ಯಾಯವಾಯಿತು’ ಎಂದು ಬರೆಯುವ ಬದಲು ‘ತೀರ್ಪಿನ ಇಂಥ ಸಾಲಿನಲ್ಲಿ ನಾನು ಎಚ್ಚರಿಕೆ ಪಡೆದಿದ್ದೆ ಎಂದಿದೆ, ಆ ಬಗ್ಗೆ ಯಾರೂ ಸಾಕ್ಷಿ ಹೇಳಿಲ್ಲ’ ಎಂದು ಬರೆಯಿರಿ. ಅದರಾಚೆಗೆ ಸುಪೀರಿಯರ್ ಕೋರ್ಟು, ಮಂಡಳಿಯ ತೀರ್ಪಿನಿಂದ 6 ತಿಂಗಳೊಳಗೆ. ಇಲಿನಾಯ್‌ನಲ್ಲಿ ಕೋರ್ಟಿಗೆ 35 ದಿನ ಮಾತ್ರ. ಅಷ್ಟು ದೂರ ಹೋಗುವವರು ಲೀಗಲ್ ಏಡ್‌ನವರನ್ನೋ ಲಾ ಸ್ಕೂಲಿನ ಕ್ಲಿನಿಕ್ಕನ್ನೋ ಮೊದಲೇ ವಿಚಾರಿಸಿ. ವಾರಕ್ಕೆ ಹೆಚ್ಚೆಂದರೆ 450 ಡಾಲರ್, 26 ವಾರ, ಕ್ಯಾಲಿಫೋರ್ನಿಯಾದ ಮಿತಿ ಇಷ್ಟೇ. ವಕೀಲರ ಫೀಸು ಅದರ ಪಕ್ಕ ಇಟ್ಟು ನೋಡಿ.

ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್

ಕಡೀ ಪ್ರಶ್ನಿ. ಗೆದ್ದ ತೀರ್ಪು ಬಂದು ಮೂರು ವಾರ ಆದ್ರೂ ರೊಕ್ಕ ಬರಲಿಲ್ಲಂದ್ರ?

ಶರಾವತಿ ಎಡದಂಡೆ

ಮೂರು ಕಡೆ ಹುಡುಕಿ. ಸರ್ಟಿಫೈ ಮಾಡದ ವಾರಗಳಿದ್ದರೆ ಅವಕ್ಕೆ ಬರುವುದಿಲ್ಲ. ತಡವಾಗಿಯಾದರೂ ಸಲ್ಲಿಸಲು ಬಿಡುತ್ತಾರೆಯೇ ಎಂದು ಇಡಿಡಿಯನ್ನೇ ಕೇಳಬೇಕು, ಆಗ ತಡಕ್ಕೆ ಕಾರಣ ಕೊಡಬೇಕಾಗುತ್ತದೆ. ಎರಡನೆಯದು, ತೀರ್ಪಿನಲ್ಲಿರುವ ಸೆಕ್ಷನ್ ಮತ್ತು ನಿಮ್ಮ ಖಾತೆಯಲ್ಲಿ ಇನ್ನೂ ತೆರೆದಿರುವ ಸೆಕ್ಷನ್ ಒಂದೇ ಅಲ್ಲದಿರಬಹುದು. 1256 ಗೆದ್ದಿದ್ದೀರಿ, ಗುರುತಿನ ಪ್ರಶ್ನೆ ಹಾಗೇ ಕೂತಿದೆ. ಮೂರನೆಯದು ಬರೀ ನಿಧಾನ: ತೀರ್ಪು ಮಂಡಳಿಯದು, ಹಣ ಬಿಡುಗಡೆ ಇಡಿಡಿಯದು. ಆನ್‌ಲೈನ್ ಖಾತೆಯಿಂದ ಒಂದು ಮೆಸೇಜ್ ಹಾಕಿ. ಕೇಸ್ ನಂಬರ್, ತೀರ್ಪಿನ ದಿನಾಂಕ, ಹಣ ಬರಬೇಕಾದ ವಾರಗಳು, ಇಷ್ಟೇ ಬರೆಯಿರಿ. ತೀರ್ಪಿನ ಪ್ರತಿ ಲಗತ್ತಿಸಲು ಜಾಗವಿದ್ದರೆ ಕೊನೆಯ ಪುಟವನ್ನೂ ಬಿಡಬೇಡಿ. ಯಾವ ತೀರ್ಮಾನ ರದ್ದಾಯಿತು ಎಂಬ ಆದೇಶದ ಸಾಲು ಇರುವುದು ಅಲ್ಲಿ.